ಚಿಕ್ಕಪ್ಪನ ಹೈಲೈಫ್

1956ರ ಮೇ ತಿಂಗಳಲ್ಲಿ ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಪಶ್ಚಿಮ ಆಫ್ರಿಕಾದ ಅಕ್ರಾ ವಿಮಾನ ನಿಲ್ದಾಣದಲ್ಲಿ ಇಳಿದಾಗ ಊರಿನ ಕುಣಿತದ ಸಂಗೀತವಾದ ಹೈಲೈಫಿನ ಬ್ಯಾಂಡುಗಳವರು ಅಲ್ಲೇ ಬಯಲಲ್ಲಿ ನಿಂತು 'ಆಲ್ ಫಾರ್ ಯೂ' ನುಡಿಸುತ್ತಿದ್ದರು. ಹಾಡಿನೊಳಗೆ ಅವನ ಹೆಸರನ್ನೂ ಸೇರಿಸಿಕೊಂಡಿದ್ದರು. ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ಟನ್ನು ತುಟಿಗಿಟ್ಟು ಅವರ ಜೊತೆ ಸೇರಿಯೇಬಿಟ್ಟ. ಅಮೆರಿಕದ ಪತ್ರಕರ್ತ ಎಡ್ವರ್ಡ್ ಮರೋನ ತಂಡ ಇದನ್ನೆಲ್ಲ ಚಿತ್ರೀಕರಿಸಿಕೊಂಡಿತು. ಮರುವರ್ಷ 'ಸ್ಯಾಚ್‌ಮೋ ದ ಗ್ರೇಟ್' ಎಂಬ ಚಿತ್ರವಾಗಿ ಅದು ಹೊರಬಂತು. ಆ ಚಿತ್ರದಲ್ಲಿ ಯಾರು ಅತಿಥಿ, ಯಾರು ಮನೆಯವರು ಎಂದು ಗೊತ್ತೇ ಆಗದ ಕೆಲವು ನಿಮಿಷಗಳಿವೆ. ಸಂಗೀತದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ನಿಮಿಷಗಳು ಅವು.

ಆಗ ಆ ದೇಶ ಇನ್ನೂ ಬ್ರಿಟಿಷರ ಗೋಲ್ಡ್ ಕೋಸ್ಟ್. ಸ್ವತಂತ್ರ ಘಾನಾ ಆಗಲು ಹತ್ತಿರಹತ್ತಿರ ಹತ್ತು ತಿಂಗಳಿತ್ತು. ಅಂದು ನುಡಿಸುತ್ತಿದ್ದವರಲ್ಲಿ ಹೈಲೈಫಿನ ದೊರೆ ಎಂದು ಜನ ಕರೆಯುತ್ತಿದ್ದ ಇ. ಟಿ. ಮೆನ್ಸಾ ಇದ್ದ. 'ಆಲ್ ಫಾರ್ ಯೂ' ಅವನ ಟೆಂಪೋಸ್ ಬ್ಯಾಂಡಿನ ಮನೆಮಾತಾದ ಹಾಡು. ಆದರೆ ಆ ಧಾಟಿ ಅಕ್ರಾದಲ್ಲಿ ಹುಟ್ಟಿದ್ದಲ್ಲ. ಕೆರಿಬಿಯನ್ ದ್ವೀಪಗಳಲ್ಲಿ 'ಸ್ಲೈ ಮಾಂಗೂಸ್' ಎಂದು ಅದನ್ನು ಬಹುಕಾಲದಿಂದ ಹಾಡುತ್ತಿದ್ದರು. ನ್ಯೂಯಾರ್ಕಿನಲ್ಲಿ ಚಾರ್ಲಿ ಪಾರ್ಕರ್ ಕೂಡ ತನ್ನ ಸ್ಯಾಕ್ಸೋಫೋನಿನಲ್ಲಿ ಅದನ್ನು ನುಡಿಸಿದ್ದಾನೆ. ಒಂದೇ ಧಾಟಿ ಸಮುದ್ರದ ಮೂರು ದಡಗಳಲ್ಲಿ ಮೂರು ಬದುಕು ಬದುಕಿತು.

ಈ ಓಡಾಟಕ್ಕೆ ಕಾರಣಗಳಿವೆ, ಅವು ಸಂತೋಷದವಲ್ಲ. ಗೋಲ್ಡ್ ಕೋಸ್ಟ್ ಕರಾವಳಿಯ ಕೇಪ್ ಕೋಸ್ಟ್, ಎಲ್ಮಿನಾ ಕೋಟೆಗಳ ನೆಲಮಾಳಿಗೆಯಿಂದ ಸರಪಳಿ ಬಿಗಿದು ಹಡಗು ಹತ್ತಿಸಿದವರ ಮೊಮ್ಮಕ್ಕಳ ಮಕ್ಕಳು ವೆಸ್ಟ್ ಇಂಡೀಸಿನಲ್ಲೂ ಅಮೆರಿಕದಲ್ಲೂ ಬೆಳೆದರು. 1870ರ ದಶಕದಲ್ಲಿ ಅಸಾಂಟೆ ರಾಜ್ಯದ ಮೇಲೆ ಯುದ್ಧಕ್ಕೆ ಹೊರಟ ಬ್ರಿಟಿಷರು ವೆಸ್ಟ್ ಇಂಡೀಸಿನ ಕರಿಯ ಸಿಪಾಯಿಗಳನ್ನು ಇದೇ ಕರಾವಳಿಗೆ ಕರೆತಂದರು. ಅವರೊಡನೆ ಹಿತ್ತಾಳೆ ವಾದ್ಯಗಳ ರೆಜಿಮೆಂಟ್ ಬ್ಯಾಂಡೂ ಬಂತು. ದಿನದ ಕವಾಯತು ಮುಗಿದ ಮೇಲೆ ಆ ಸಿಪಾಯಿಗಳು ತಮ್ಮ ದ್ವೀಪಗಳ ಧಾಟಿಗಳನ್ನು ನುಡಿಸುತ್ತಿದ್ದರು. ಕೇಳಿದ ಕರಾವಳಿಯ ಹುಡುಗರು ಅದೇ ವಾದ್ಯಗಳಲ್ಲಿ ತಮ್ಮ ಲಯ ಹುಡುಕಿಕೊಂಡರು. ಹಾಗೆ ಹುಟ್ಟಿದ್ದನ್ನು 'ಅಡಾಹಾ' ಎಂದು ಕರೆದರು. ಸಮುದ್ರದಾಚೆ ನ್ಯೂ ಆರ್ಲಿಯನ್ಸಿನಲ್ಲೂ ಕರಿಯ ಜನ ಅಂಥವೇ ಹಿತ್ತಾಳೆ ವಾದ್ಯಗಳನ್ನು ಹಿಡಿದು ಬೀದಿಯಲ್ಲಿ ಬೇರೆಯದೇ ನಡಿಗೆ ನಡೆಯುತ್ತಿದ್ದರು. ಅಲ್ಲಿಂದ ಜಾಝ್ ಬಂತು, ಇಲ್ಲಿಂದ ಹೈಲೈಫ್.

ದಂಡಿನ ವಾದ್ಯವೊಂದು ಪರವೂರಿನ ಉಸಿರಿಗೆ ಒಗ್ಗುವುದು ನಮಗೆ ಹೊಸದಲ್ಲ. ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಕರ್ನಾಟಕ ಸಂಗೀತದ ಗಮಕಗಳನ್ನು ತರಲು ವರ್ಷಗಟ್ಟಲೆ ತಪಸ್ಸು ಮಾಡಿದರು. ದಕ್ಷಿಣ ಕನ್ನಡದ ಮದುವೆ ಮನೆಯಲ್ಲಿ, ದೇವಸ್ಥಾನದ ಉತ್ಸವದಲ್ಲಿ ಸ್ಯಾಕ್ಸೋಫೋನ್ ಕೇಳಿದರೆ ಇದು ಬೆಲ್ಜಿಯಂನವನೊಬ್ಬ ಮಾಡಿದ ವಾದ್ಯವೆಂದು ಈಗ ಯಾರಿಗೂ ಅನ್ನಿಸುವುದಿಲ್ಲ. 2008ರಲ್ಲಿ ಗೋಪಾಲನಾಥರೂ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಂತಪ್ಪನೂ ಕೂಡಿ 'ಕಿನ್ಸ್‌ಮೆನ್' ಎಂಬ ಆಲ್ಬಮ್ ತಂದರು. ಅದನ್ನು ಕೇಳುವಾಗ ನನಗೆ ಅಕ್ರಾ ವಿಮಾನ ನಿಲ್ದಾಣ ನೆನಪಾಗುತ್ತದೆ. ಅಲ್ಲಿ ಒಬ್ಬರು ಕಲಿಸುವವರು, ಇನ್ನೊಬ್ಬರು ಕಲಿಯುವವರು ಎಂಬುದಿಲ್ಲ. ಇಬ್ಬರೂ ತಂತಮ್ಮ ಮನೆಯ ಬುತ್ತಿ ಬಿಚ್ಚಿ ಕೂತಿದ್ದಾರೆ.

ನನಗೆ ಹೈಲೈಫ್ ಪರಿಚಯ ಮಾಡಿಸಿದವರು ನನ್ನ ಚಿಕ್ಕಪ್ಪ. 1976ರಲ್ಲಿ ನೈಜೀರಿಯಾ ಸರ್ಕಾರ ಎಲ್ಲ ಮಕ್ಕಳಿಗೂ ಉಚಿತ ಪ್ರಾಥಮಿಕ ಶಿಕ್ಷಣ ಕೊಡಲು ಹೊರಟಿತು. ಪೆಟ್ರೋಲಿನ ದುಡ್ಡು ಹರಿಯುತ್ತಿದ್ದ ಕಾಲ. ಶಾಲೆಗಳು ಎದ್ದವು, ಮೇಷ್ಟರುಗಳು ಸಾಲಲಿಲ್ಲ. ನಮ್ಮ ದೇಶದಿಂದ ಎಷ್ಟೋ ಜನ ಗಣಿತ, ವಿಜ್ಞಾನದ ಉಪಾಧ್ಯಾಯರು ಅಲ್ಲಿಗೆ ಹೋದರು. ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನೂ ಅವರಲ್ಲೊಬ್ಬರು. ಇಬಾದಾನ್ ಹತ್ತಿರದ ಒಂದು ಊರಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ರಜೆಗೆ ಬಂದಾಗಲೆಲ್ಲ ಬೇರೆಯವರು ಬಟ್ಟೆಬರೆ, ರೇಡಿಯೋ ತಂದರೆ ಇವರ ಪೆಟ್ಟಿಗೆಯಲ್ಲಿ ಪಂಚೆಗಳ ನಡುವೆ ಸುತ್ತಿಟ್ಟ ಕ್ಯಾಸೆಟ್ಟುಗಳಿರುತ್ತಿದ್ದವು. ವಿಕ್ಟರ್ ಒಲಾಯಾ, ಬಾಬಿ ಬೆನ್ಸನ್, ರೆಕ್ಸ್ ಲಾಸನ್, ಇ. ಟಿ. ಮೆನ್ಸಾ. ಮಳೆ ಹಿಡಿದ ಸಂಜೆ ಜಗಲಿಯ ಮೇಲೆ ಟೇಪ್ ರೆಕಾರ್ಡರ್ ಇಟ್ಟು ಹಾಕುತ್ತಿದ್ದರು. ನಾವು ಮಕ್ಕಳು ಕುಣಿಯಲು ನಿಂತರೆ, "ಕಾಲು ಎತ್ತಬೇಡ ಮಾರಾಯ, ಜಾರಿಸು. ಅವಸರ ಮಾಡಬೇಡ, ತಾಳ ತಾನೇ ಬಂದು ನಿನ್ನ ಹಿಡ್ಕೊಳ್ತದೆ" ಎನ್ನುತ್ತಿದ್ದರು. ಬಾಗಿಲ ಹಿಂದಿನಿಂದ ಚಿಕ್ಕಮ್ಮ, "ಈ ಮಕ್ಕಳನ್ನೂ ಹಾಳು ಮಾಡಿ ನೀವು" ಎಂದು ನಗುತ್ತಿದ್ದರು.

ತಾಳ ಬಂದು ಹಿಡಿದುಕೊಳ್ಳುವುದು ಎಂದರೇನು ಎಂದು ನನಗೆ ಅರ್ಥವಾದದ್ದು ದೊಡ್ಡವನಾದ ಮೇಲೆ. ಹೈಲೈಫಿನ ತಳದಲ್ಲಿ ಒಂದು ಗಂಟೆಯ ನಡೆ ಇರುತ್ತದೆ. ಕಬ್ಬಿಣದ ಗಂಟೆಯೋ, ಕ್ಲೇವ್ಸ್ ಎಂಬ ಎರಡು ಕೋಲುಗಳೋ, ಬರಿಯ ಬಾಟಲಿಯೋ ಅದನ್ನು ಹಿಡಿದಿರುತ್ತದೆ. ಆ ನಡೆಯ ಪೆಟ್ಟುಗಳು ನಾವು ಕಾಯುವ ಜಾಗದಲ್ಲಿ ಬೀಳುವುದಿಲ್ಲ. ನಮ್ಮ ಸಂಗೀತದವರು ಅನಾಗತ ಎನ್ನುವಂತೆ ತಾಳ ಶುರುವಾದ ಮೇಲೆ ಒಂದು ಉಸಿರು ಬಿಟ್ಟು ಏಳುತ್ತವೆ. ಮೇಲೆ ಗಿಟಾರು ಪುಟ್ಟ ಪುಟ್ಟ ತಂತುಗಳನ್ನು ಬಿಡದೆ ನೇಯುತ್ತಿರುತ್ತದೆ. ಹಡಗುಗಳಲ್ಲಿ ದುಡಿಯುತ್ತಿದ್ದ ಲೈಬೀರಿಯಾ ಕರಾವಳಿಯ ಕ್ರೂ ನಾವಿಕರು ಹೆಬ್ಬೆರಳು ತೋರುಬೆರಳುಗಳಲ್ಲಿ ಮೀಟುತ್ತ ಬಂದರಿನಿಂದ ಬಂದರಿಗೆ ಒಯ್ದ ಕೈಚಳಕ ಅದು. ಈಚಲು ಹೆಂಡದ ಅಂಗಡಿಗಳಲ್ಲಿ ಅದು ಬೆಳೆಯಿತು. 1928ರಲ್ಲಿ ಕುಮಾಸಿ ಟ್ರಯೋದವರು ಲಂಡನ್ನಿಗೆ ಹೋಗಿ ಝೋನೋಫೋನ್ ಕಂಪನಿಗೆ 'ಯಾ ಅಂಪೊನ್ಸಾ' ಧ್ವನಿಮುದ್ರಿಸಿ ಬಂದರು. ಘಾನಾದ ಗಿಟಾರು ಹಿಡಿದವರು ಇಂದಿಗೂ ಮೊದಲು ಕಲಿಯುವುದು ಆ ಧಾಟಿಯನ್ನೇ.

ಊರ ಶ್ರೀಮಂತರ ಕ್ಲಬ್ಬುಗಳಲ್ಲಿ ನಡೆಯುತ್ತಿದ್ದುದು ಬೇರೆ. ಕೋಟು, ಟೋಪಿ ಹಾಕಿದವರು ಟಿಕೆಟ್ ಕೊಟ್ಟು ಒಳಗೆ ಹೋಗಿ ವಾಲ್ಟ್ಝ್, ಫಾಕ್ಸ್‌ಟ್ರಾಟ್ ಕುಣಿಯುತ್ತಿದ್ದರು. ನಡುನಡುವೆ ಬ್ಯಾಂಡಿನವರು ಬೀದಿಯ ಧಾಟಿಯನ್ನೂ ನುಡಿಸತೊಡಗಿದಾಗ ಹೊರಗೆ ಗೋಡೆಗೊರಗಿ ನಿಂತು ಕೇಳುತ್ತಿದ್ದ ಬಡವರೇ ಅದಕ್ಕೆ ಹೈಲೈಫ್ ಎಂಬ ಹೆಸರಿಟ್ಟರು. ಒಳಗೆ ಹೋಗಲಾರದವರ ಹಾಡು ಒಳಗೆ ಹೋಗಿ ಬೆಳೆದು ದೊಡ್ಡದಾಯಿತು.

ಎರಡನೇ ಮಹಾಯುದ್ಧ ಬಂದಾಗ ಅಕ್ರಾದ ತುಂಬ ಬ್ರಿಟಿಷ್, ಅಮೆರಿಕನ್ ಸೈನಿಕರು. ಅವರಿಗೆ ಸ್ವಿಂಗ್ ಎಂಬ ಕುಣಿತದ ಜಾಝ್ ಬೇಕಿತ್ತು. ಲೆಪರ್ಡ್ ಎಂಬ ಸ್ಕಾಟ್ಲೆಂಡಿನ ಸಾರ್ಜೆಂಟ್ ಸ್ಯಾಕ್ಸೋಫೋನ್ ವಾದಕ. ಅವನು ಕಟ್ಟಿದ ಬ್ಯಾಂಡಿನಲ್ಲಿ ಮೆನ್ಸಾ ಜಾಝಿನ ಶಿಸ್ತು ಕಲಿತ. ಸ್ವರ ಹೇಗೆ ಹಿಡಿಯಬೇಕು, ಉಸಿರು ಎಲ್ಲಿ ತೆಗೆಯಬೇಕು, ನಾಲ್ಕು ಜನ ಊದುವಾಗ ಒಂದೇ ಬಾಯಿ ಅನ್ನಿಸುವುದು ಹೇಗೆ ಎಂಬುದೆಲ್ಲ. ಆಮೇಲೆ ಟೆಂಪೋಸ್ ಬ್ಯಾಂಡು ಅವನ ಕೈಗೆ ಬಂದಾಗ ಅದೇ ಶಿಸ್ತಿನ ಕೆಳಗೆ ಗಂಟೆಯ ನಡೆ ಕೂರಿಸಿದ. ಬಿಳಿಯರ ದೊಡ್ಡ ಬ್ಯಾಂಡನ್ನು ಸುಮಾರು ಹತ್ತು ಜನಕ್ಕೆ ಇಳಿಸಿದ. ಇಂಗ್ಲಿಷಿನಲ್ಲೂ ಗಾ, ಟ್ವಿ, ಫಾಂಟೆ ಭಾಷೆಗಳಲ್ಲೂ ಹಾಡಿದ. ವೃತ್ತಿಯಿಂದ ಅವನು ಔಷಧ ತಯಾರಿಸುವವ. ಹಗಲು ಔಷಧ ಅಳೆದು, ರಾತ್ರಿ ಟ್ರಂಪೆಟ್ ಹಿಡಿಯುತ್ತಿದ್ದ. 1950ರ ದಶಕದಲ್ಲಿ ಅವನ ಬ್ಯಾಂಡು ನೈಜೀರಿಯಾಕ್ಕೆ ಹೋಗಿ ಬಂದಮೇಲೆ ಲಾಗೋಸಿನ ಬ್ಯಾಂಡುಗಳ ನುಡಿಸಾಣಿಕೆಯೇ ಬದಲಾಯಿತು.

ಆರ್ಮ್‌ಸ್ಟ್ರಾಂಗ್ ಬಂದಿಳಿದದ್ದು ಇಂಥವರ ನಡುವೆ. ಅವರಿಗೆ ಜಾಝ್ ಗೊತ್ತಿತ್ತು, ಅವನಿಗೆ ಹೈಲೈಫ್ ಗೊತ್ತಿರಲಿಲ್ಲ. ಈ ಭೇಟಿಯ ಕತೆ ಹೇಳುವವರು ಹೆಚ್ಚಾಗಿ ಮರೆಯುವುದು ಇದನ್ನೇ. ಓಲ್ಡ್ ಪೋಲೋ ಗ್ರೌಂಡಿನಲ್ಲಿ ಅವನನ್ನು ಕೇಳಲು ಒಂದು ಲಕ್ಷದಷ್ಟು ಜನ ನೆರೆದಿದ್ದರೆಂದು ವರದಿಗಳಿವೆ. ಅಚಿಮೋಟಾ ಕಾಲೇಜಿನ ಅಂಗಳದಲ್ಲಿ ಡೋಲು, ಕುಣಿತಗಳ ಮೇಳ ನೋಡುತ್ತಿದ್ದಾಗ ಒಬ್ಬ ಹೆಂಗಸಿನಲ್ಲಿ ಅವನು ತೀರಿಹೋದ ತನ್ನ ತಾಯಿಯ ಮುಖವನ್ನೇ ಕಂಡ. ತನ್ನ ಹಿರಿಯರು ಇಲ್ಲಿಯವರೇ ಎಂದು ಅವತ್ತು ಅವನ ಮನಸ್ಸಿಗೆ ನಿಶ್ಚಯವಾಯಿತು. ಇನ್ನೊಂದು ಕಡೆ, ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಎದುರಿಗೆ ಕೂತಿದ್ದಾಗ 'ಬ್ಲ್ಯಾಕ್ ಅಂಡ್ ಬ್ಲೂ' ಹಾಡಿದ. ಕರಿಯ ಚರ್ಮದವನಾಗಿ ಹುಟ್ಟಿದ್ದಕ್ಕೆ ಪಡುವ ಪಾಡನ್ನು ಹೇಳುವ 1929ರ ಹಾಡು ಅದು. ಚಿತ್ರದಲ್ಲಿ ಎನ್‌ಕ್ರುಮಾನ ಮುಖ ಕಾಣುತ್ತದೆ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ನಿಂತ ನಾಯಕನೊಬ್ಬ ಸಮುದ್ರದಾಚೆಯ ತನ್ನ ದಾಯಾದಿಯ ದುಃಖ ಕೇಳಿಸಿಕೊಳ್ಳುತ್ತಿದ್ದಾನೆ. ಅವತ್ತಿನ ತಂಡದಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದ ನ್ಯೂ ಆರ್ಲಿಯನ್ಸಿನ ಎಡ್ಮಂಡ್ ಹಾಲ್‌ಗೆ ಅಕ್ರಾ ಎಷ್ಟು ಹಿಡಿಸಿತೆಂದರೆ 1959ರಲ್ಲಿ ಹೆಂಡತಿಯೊಡನೆ ಅಲ್ಲೇ ನೆಲೆಸಿ ಸಂಗೀತ ಶಾಲೆ ಕಟ್ಟಲು ಮರಳಿ ಹೋದ. ಕೈಗೂಡಲಿಲ್ಲ, ಬೇಗನೆ ಹಿಂದಿರುಗಿದ.

ನನಗೆ ಈ ಕತೆಯಲ್ಲಿ ಎಲ್ಲರಿಗಿಂತ ಹೆಚ್ಚು ನೋವು ಕೊಡುವವನು ಗೈ ವಾರೆನ್. ಟೆಂಪೋಸ್ ಬ್ಯಾಂಡಿನ ಡ್ರಮ್ಮರ್. ಲಂಡನ್ನಿನಲ್ಲಿ ನುಡಿಸಿ, ಕೆರಿಬಿಯನ್ ಲಯಗಳನ್ನು ಅಕ್ರಾಕ್ಕೆ ಹೊತ್ತು ತಂದವನು. ಎಲ್ಲರೂ ಅಮೆರಿಕದಿಂದ ಆಫ್ರಿಕಾಕ್ಕೆ ಬಂದ ಕತೆ ಹೇಳುತ್ತಾರೆ, ಇವನು ಅಕ್ರಾದಿಂದ ಶಿಕಾಗೋಗೆ ಹೋದ. 1956ರಲ್ಲೇ ರೆಡ್ ಸಾಂಡರ್ಸ್‌ನ ತಂಡದ ಜೊತೆ 'ಆಫ್ರಿಕಾ ಸ್ಪೀಕ್ಸ್, ಅಮೆರಿಕಾ ಆನ್ಸರ್ಸ್' ಎಂಬ ರೆಕಾರ್ಡ್ ಮಾಡಿದ. ಮೊದಲ ಮಾತು ಆಫ್ರಿಕಾದ್ದು, ಉತ್ತರ ಅಮೆರಿಕದ್ದು. ಆ ಆತ್ಮವಿಶ್ವಾಸ ಕಂಡರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಅಮೆರಿಕದ ಕ್ಲಬ್ಬುಗಳು ಅವನ ಡೋಲುಗಳಿಗೆ ಇನ್ನೂ ಕಿವಿ ತೆರೆದಿರಲಿಲ್ಲ. ಅವನ ಧಾಟಿಯೊಂದು 'ದಟ್ ಹ್ಯಾಪಿ ಫೀಲಿಂಗ್' ಎಂಬ ಹೆಸರಿನಲ್ಲಿ 1962ರಲ್ಲಿ ಜರ್ಮನಿಯ ಬರ್ಟ್ ಕೆಂಪ್‌ಫರ್ಟ್‌ನ ವಾದ್ಯವೃಂದದಿಂದ ಲೋಕಪ್ರಸಿದ್ಧವಾಯಿತು. ಅದನ್ನು ಗುನುಗಿದ ಲಕ್ಷಾಂತರ ಜನರಿಗೆ ವಾರೆನ್‌ನ ಹೆಸರು ಗೊತ್ತಿರಲಿಲ್ಲ. ಅವನು ಊರಿಗೆ ಮರಳಿದ, ಘಾನಾಬಾ ಎಂದು ಹೆಸರು ಬದಲಿಸಿಕೊಂಡ, ಅಕ್ರಾದ ಹೊರಗೆ ಮೇಡಿಯೇ ಎಂಬಲ್ಲಿ ನೆಲೆ ನಿಂತ. ಆಸ್ಥಾನಗಳಲ್ಲಿ ನುಡಿಸುವ ಫಾಂಟಂಫ್ರಾಂ ಎಂಬ ಆಳೆತ್ತರದ ಡೋಲುಗಳನ್ನು ಜೋಡಿಸಿ, ಕಾಲಿನಿಂದಲೂ ಬಾರಿಸುವಂತೆ ಪೆಡಲು ಕೂರಿಸಿ, ಜಾಝ್ ಡ್ರಮ್ಮರ್ ಕೂರುವಂತೆ ಕೂತು ನುಡಿಸುತ್ತಿದ್ದ. 2008ರ ಡಿಸೆಂಬರಿನಲ್ಲಿ ತೀರಿಕೊಂಡ.

ಅವನನ್ನು ಕೇಳಿಸಿಕೊಂಡವನು ಬ್ರೂಕ್ಲಿನ್ನಿನ ಪಿಯಾನೋ ವಾದಕ ರ‍್ಯಾಂಡಿ ವೆಸ್ಟನ್. ವಾರೆನ್‌ನ 'ಮಿಸ್ಟರಿ ಆಫ್ ಲವ್' ಧಾಟಿಯನ್ನು ವೆಸ್ಟನ್ ತನ್ನ ಕಛೇರಿಗಳ ಗುರುತಿನ ಹಾಡಾಗಿ ದಶಕಗಟ್ಟಲೆ ಇಟ್ಟುಕೊಂಡ. 1961ರಲ್ಲಿ ಕವಿ ಲ್ಯಾಂಗ್‌ಸ್ಟನ್ ಹ್ಯೂಸ್, ಗಾಯಕಿ ನೀನಾ ಸಿಮೋನ್ ಮೊದಲಾದವರೊಡನೆ ಅವನು ಲಾಗೋಸಿಗೆ ಬಂದ. ಅಲ್ಲಿ ಬಾಬಿ ಬೆನ್ಸನ್ನನ ಹೈಲೈಫ್ ಸಿಕ್ಕಿತು. 1963ರಲ್ಲಿ 'ಹೈಲೈಫ್' ಎಂಬ ಹೆಸರಿನ ಆಲ್ಬಮ್ಮನ್ನೇ ತಂದ. ವಾದ್ಯಸಂಯೋಜನೆ ಮೆಲ್ಬಾ ಲಿಸ್ಟನ್ ಎಂಬ ಅಸಾಧಾರಣ ಹೆಣ್ಣುಮಗಳದು. ಬೆನ್ಸನ್ನನ 'ನೈಜರ್ ಮ್ಯಾಂಬೋ' ಅದರಲ್ಲಿದೆ. ಲಾಗೋಸಿನ ಕುಣಿತದ ಧಾಟಿ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ತನ್ನ ನಗು ಕಳೆದುಕೊಳ್ಳದೆ ಉಳಿದಿರುವುದು ನನಗೆ ಪವಾಡವೆನ್ನಿಸುತ್ತದೆ. ಚಿಕ್ಕಪ್ಪನ ಹತ್ತಿರ ಈ ಆಲ್ಬಮ್ ಇರಲಿಲ್ಲ. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನಾನದನ್ನು ಮೊದಲು ಕೇಳಿದೆ. ಪಕ್ಕದಲ್ಲಿ ಅವರಿದ್ದು, ನೈಜರ್ ಮ್ಯಾಂಬೋ ಶುರುವಾಗುತ್ತಲೇ ತೊಡೆ ತಟ್ಟಿ, "ಇದು ನಮ್ಮ ಬೆನ್ಸನ್ ಅಲ್ವನಾ!" ಎಂದು ಎದ್ದು ಕೂರಬೇಕಿತ್ತು.

ಅವರಿಗೆ ಎಲ್ಲರಿಗಿಂತ ಪ್ರಿಯನಾದವನು ವಿಕ್ಟರ್ ಒಲಾಯಾ. ಬಿಳಿಯ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳುತ್ತ ಟ್ರಂಪೆಟ್ ಊದುವವ. ಆರ್ಮ್‌ಸ್ಟ್ರಾಂಗ್ ಮತ್ತೆ ಆಫ್ರಿಕಾಕ್ಕೆ ಬಂದಾಗ ಅವನೊಡನೆ ವೇದಿಕೆ ಹಂಚಿಕೊಂಡವನು. ಲಾಗೋಸಿನ ಸುರುಲೆರೆಯಲ್ಲಿ ಅವನದೇ ಸ್ಟೇಡಿಯಂ ಹೋಟೆಲ್ ಇತ್ತು. ಶಾಲೆಗೆ ರಜೆ ಬಂತೆಂದರೆ ಚಿಕ್ಕಪ್ಪ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದರಂತೆ. ಹೆಂಡ ಕುಡಿಯದ, ಮೊಟ್ಟೆಯನ್ನೂ ಮುಟ್ಟದ ಮಲೆನಾಡಿನ ಮೇಷ್ಟ್ರು ಒಂದು ಸೋಡಾ ಹಿಡಿದು ನಡುರಾತ್ರಿಯವರೆಗೆ ಕೂರುತ್ತಿದ್ದರು. ಯಾರೂ ಅವರನ್ನು ಪರಕೀಯನೆಂದು ನೋಡಲಿಲ್ಲ. ಮೊದಲನೇ ಸಲ ಒಬ್ಬ ಮುದುಕಿ ಕೈಹಿಡಿದು ಎಬ್ಬಿಸಿ ಕುಣಿಸಿದಳಂತೆ. ಕಾಲು ಜಾರಿಸಲು ಹೇಳಿಕೊಟ್ಟದ್ದು ಅವಳೇ.

ಒಲಾಯಾನ ಕೂಲ್ ಕ್ಯಾಟ್ಸ್ ಬ್ಯಾಂಡಿನಲ್ಲಿ ಪಳಗಿದ ಇಬ್ಬರು ಹುಡುಗರು ಮುಂದೆ ಹೈಲೈಫ್, ಜಾಝ್‌ಗಳ ಈ ಭೇಟಿಯನ್ನು ಯಾರೂ ಎಣಿಸದ ಕಡೆಗೆ ಒಯ್ದರು. ಒಬ್ಬ ಫೆಲಾ ಕುಟಿ, ಇನ್ನೊಬ್ಬ ಟೋನಿ ಆಲನ್. ಫೆಲಾ ಲಂಡನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತ ಓದಿ ಬಂದು ಕೂಲಾ ಲೊಬಿಟೋಸ್ ಎಂಬ ತಂಡ ಕಟ್ಟಿ, ತಾನು ನುಡಿಸುವುದಕ್ಕೆ ಹೈಲೈಫ್ ಜಾಝ್ ಎಂದ. ಲಾಗೋಸಿನ ಜನ ಅಷ್ಟಾಗಿ ಒಪ್ಪಲಿಲ್ಲ. 1969ರಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿಯ ಕರಿಯರ ಹೋರಾಟ ಕಂಡು ಬಂದವನು ಆಫ್ರೋಬೀಟ್ ಎಂಬ ಹೊಸ ಸಂಗೀತ ಹುಟ್ಟಿಸಿದ. ಆದರೆ ಅದರ ಬೆನ್ನುಮೂಳೆ ಡ್ರಮ್ಮರ್ ಟೋನಿ ಆಲನ್. ಲಾಗೋಸಿನಲ್ಲಿ ಕೂತು ಅಮೆರಿಕದ 'ಡೌನ್‌ಬೀಟ್' ಪತ್ರಿಕೆಯಲ್ಲಿ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಬರೆದದ್ದನ್ನು ಓದಿ, ಹೈಹ್ಯಾಟ್ ಎಂಬ ಜೋಡಿ ತಾಳವನ್ನು ಎಡಗಾಲಿನಿಂದ ನುಡಿಸುವುದನ್ನು ತಾನೇ ಸಾಧಿಸಿಕೊಂಡವನು ಅವನು. ಬೇರೆಯವರು ಹಲವು ಜನ ಕೂಡಿ ನುಡಿಸುವುದನ್ನು ಎರಡು ಕೈ ಎರಡು ಕಾಲಿನಲ್ಲಿ ಒಬ್ಬನೇ ನುಡಿಸುತ್ತಿದ್ದ. ಫೆಲಾನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನ್ನ ಮಟ್ಟಿಗೆ ಹೈಲೈಫೂ ಜಾಝೂ ನಿಜಕ್ಕೂ ಒಂದೇ ದೇಹವಾದದ್ದು ಟೋನಿ ಆಲನ್‌ನ ಕೈಕಾಲುಗಳಲ್ಲಿ.

ಹೈಲೈಫಿನ ದೀಪಗಳು ಮಾತ್ರ ಒಂದೊಂದಾಗಿ ಆರುತ್ತಿದ್ದವು. 1967ರಲ್ಲಿ ನೈಜೀರಿಯಾದಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಲಾಗೋಸಿನ ಹೈಲೈಫ್ ಬ್ಯಾಂಡುಗಳಲ್ಲಿದ್ದ ಪೂರ್ವ ಪ್ರಾಂತದ ಕಲಾವಿದರು ಊರು ಬಿಟ್ಟು ಹೋದರು. ಬಹಳ ಬ್ಯಾಂಡುಗಳು ಮತ್ತೆ ಕೂಡಲಿಲ್ಲ. ಚಿಕ್ಕಪ್ಪ ನೈಜೀರಿಯಾಕ್ಕೆ ಹೋಗುವ ಹೊತ್ತಿಗೆ ಉಳಿದದ್ದು ಸಂಜೆಗೆಂಪು ಮಾತ್ರ. ಘಾನಾದಲ್ಲಿ 1981ರ ಕೊನೆಯ ದಿನ ಸೈನಿಕ ಕ್ರಾಂತಿಯಾಯಿತು. ಮುಂದಿನ ಎರಡು ವರ್ಷಕ್ಕೂ ಮೀರಿ ರಾತ್ರಿ ಕರ್ಫ್ಯೂ. ರಾತ್ರಿಯನ್ನೇ ನಂಬಿದ್ದ ಸಂಗೀತಕ್ಕೆ ರಾತ್ರಿಯೇ ಇಲ್ಲವಾಯಿತು. ಕ್ಲಬ್ಬುಗಳು ಮುಚ್ಚಿದವು. ಆಮದು ವಾದ್ಯಗಳ ಮೇಲೆ ಸುಂಕ ಏರಿತು. ಹತ್ತು ಜನ ವಾದಕರಿಗೆ ಊಟ ಹಾಕುವ ಬದಲು ರೆಕಾರ್ಡು ಹಾಕುವ ಒಬ್ಬ ಡಿಸ್ಕೋದವನನ್ನು ಕರೆಸುವುದು ಅಗ್ಗವಾಯಿತು. ಬಲ್ಲವರು ಹ್ಯಾಂಬರ್ಗಿಗೋ ಲಂಡನ್ನಿಗೋ ಹೋಗಿ, ಅಲ್ಲಿ ಸಿಂಥಸೈಜರ್, ಡ್ರಮ್ ಮಷೀನುಗಳ ಜೊತೆ ಬೇರೊಂದು ಹೈಲೈಫ್ ಮಾಡಿದರು. ಅದನ್ನು ಹಳಿಯಲಾರೆ. ಬದುಕಬೇಕಿತ್ತು, ಬದುಕಿದರು. ಆದರೆ ಹತ್ತು ಜನ ಒಂದೇ ಉಸಿರಿನಲ್ಲಿ ಊದುತ್ತ, ಎದುರಿಗೆ ಇನ್ನೂರು ಜೋಡಿ ಕಾಲು ಜಾರುತ್ತ, ಆ ಕಾಲುಗಳನ್ನು ನೋಡಿ ಬ್ಯಾಂಡಿನವರು ಲಯವನ್ನು ಕೊಂಚ ಸಡಿಲಿಸಿ ಕೊಂಚ ಬಿಗಿಯುವ ಆ ಮಾತುಕತೆ ಹೋಯಿತು. ರೆಕಾರ್ಡಿನಲ್ಲಿ ಅದು ಉಳಿಯುವುದಿಲ್ಲ. ಮೂರು ನಿಮಿಷದ ಅರಗಿನ ತಟ್ಟೆಯಲ್ಲಿ ಅದರ ಗುರುತು ಮಾತ್ರ ಇದೆ.

ಪೆಟ್ರೋಲಿನ ಬೆಲೆ ಕುಸಿದು ನೈಜೀರಿಯಾದಲ್ಲಿ ಸಂಬಳ ಸರಿಯಾಗಿ ಬಾರದಾದಾಗ 1984ರಲ್ಲಿ ಚಿಕ್ಕಪ್ಪ ವಾಪಸು ಬಂದರು. ಆಮೇಲೆ ಅವರು ಅಡಿಕೆ ತೋಟದ ಮನುಷ್ಯ. ಜಗಲಿಯ ಟೇಪ್ ರೆಕಾರ್ಡರ್ ಕ್ರಮೇಣ ಮೌನವಾಯಿತು. ಕೇಳುವವರಿರಲಿಲ್ಲ. ನಾವು ಓದು, ಕೆಲಸ ಎಂದು ಚದುರಿದ್ದೆವು. ಅವರು ಹೋದ ಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಸಿದರೆ ಮಲೆನಾಡಿನ ಮಳೆಗಾಲಗಳು ತಮ್ಮ ಕೆಲಸ ಮುಗಿಸಿದ್ದವು. ಟೇಪುಗಳ ಮೇಲೆ ಬಿಳಿ ಬೂಷ್ಟು. ಒಂದೊಂದು ಕ್ಯಾಸೆಟ್ಟಿನ ಮೇಲೂ ಅವರ ಗುಂಡಗಿನ ಕನ್ನಡ ಅಕ್ಷರ: ಯಾವ ಬ್ಯಾಂಡು, ಯಾರು ಕೊಟ್ಟದ್ದು, ಯಾವ ರಾತ್ರಿ. ಕೆಲವನ್ನು ಅವರು ಹೋಟೆಲಿನಲ್ಲಿ ಕೂತೇ ಧ್ವನಿಮುದ್ರಿಸಿಕೊಂಡಿದ್ದರು. ರಿಪೇರಿಯವರ ಕೈಗೆ ಕೊಟ್ಟೆ. ಎರಡು ಮೂರು ಉಳಿದವು, ಮಿಕ್ಕವು ಯಂತ್ರದಲ್ಲಿ ಸುತ್ತುವಾಗಲೇ ಹರಿದವು. ಬೇರೆಲ್ಲೂ ಇಲ್ಲದ ರಾತ್ರಿಗಳು ಅವು.

ಅಕ್ರಾದಲ್ಲೂ ಹೀಗೆಯೇ ಆಗಿದೆ, ಇದಕ್ಕಿಂತ ದೊಡ್ಡದಾಗಿ. ಹೈಲೈಫಿನ ಚರಿತ್ರೆಗೆ ಬದುಕನ್ನೇ ಕೊಟ್ಟ ಜಾನ್ ಕಾಲಿನ್ಸ್ ಅಲ್ಲಿ ಬೊಕೂರ್ ಎಂಬ ತನ್ನ ಮನೆಯಲ್ಲಿ ರೆಕಾರ್ಡು, ಟೇಪು, ಫೋಟೋ, ಕಾಗದಪತ್ರಗಳ ಭಂಡಾರ ಕಟ್ಟಿದ್ದ. 2011ರ ಅಕ್ಟೋಬರಿನಲ್ಲಿ ಅಕ್ರಾಕ್ಕೆ ಬಂದ ನೆರೆ ಅದಕ್ಕೂ ನುಗ್ಗಿ ಸಾಕಷ್ಟನ್ನು ಹಾಳು ಮಾಡಿತು. ಮನುಷ್ಯರೂ ಹೋಗುತ್ತಿದ್ದಾರೆ. ಮೆನ್ಸಾ 1996ರಲ್ಲಿ, ವೆಸ್ಟನ್ 2018ರಲ್ಲಿ ತೀರಿಕೊಂಡರು. 2020ರ ಫೆಬ್ರವರಿಯಲ್ಲಿ ಒಲಾಯಾ ಹೋದ, ಏಪ್ರಿಲ್ ಕೊನೆಯ ದಿನ ಪ್ಯಾರಿಸಿನಲ್ಲಿ ಟೋನಿ ಆಲನ್ ಹೋದ.

ನೈಜೀರಿಯಾಕ್ಕೋ ಘಾನಾಕ್ಕೋ ಪಾಠ ಹೇಳಲು, ಆಸ್ಪತ್ರೆಯಲ್ಲಿ ದುಡಿಯಲು ಹೋಗಿ ಬಂದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರ ಪೆಟ್ಟಿಗೆಯನ್ನೊಮ್ಮೆ ತೆರೆಯಿಸಿ. ಕ್ಯಾಸೆಟ್ಟು, ರೆಕಾರ್ಡು ಏನೇ ಸಿಕ್ಕಿದರೂ ಗುಜರಿಗೆ ಹಾಕಬೇಡಿ, ಬಲ್ಲವರಿಂದ ಮುಂದಿನ ಮಳೆಗಾಲಕ್ಕೆ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯಾವ ಬ್ಯಾಂಡು, ಯಾವ ಊರು, ಯಾವ ವರ್ಷ ಎಂದು ಅವರನ್ನೇ ಕೇಳಿ ಬರೆದಿಡಿ.